ನಿಂತಿದ್ದಕ್ಕೆ ಬಂದದ್ದಲ್ಲ

ಭಾನುವಾರ, ಆಗಸ್ಟ್ ೧೦

ಅಕ್ಕಾ,

ಮೊದಲು ಕೂತುಕೋ. ಬೈಯುವುದೇನಿದ್ದರೂ ಆಮೇಲೆ ಬೈ, ಪತ್ರ ಎಲ್ಲಿಗೂ ಓಡಿಹೋಗುವುದಿಲ್ಲ. ಇದನ್ನು ತಂದುಕೊಟ್ಟ ಭಾವನ ಮೇಲೂ ರೇಗಬೇಡ. ನಿನ್ನೆ ನನ್ನನ್ನು ಬಸ್ಸು ಹತ್ತಿಸಿದ್ದು ಅವರೇ.

ಹೌದು, ನೀನು ತರಕಾರಿಗೆ ಹೋಗುವುದನ್ನೇ ಕಾದಿದ್ದು ಬ್ಯಾಗು ಹಿಡಿದು ನಿನ್ನ ಮನೆಯಿಂದ ಹೊರಟೆ. ಎದುರಿಗೆ ಹೇಳಿದ್ದರೆ ನೀನು ಅಳುತ್ತಿದ್ದೆ, ನಾನು ಹಾಕಿದ ಚಪ್ಪಲಿ ಮತ್ತೆ ಬಿಡುತ್ತಿದ್ದೆ. ಐದು ತಿಂಗಳು ನನ್ನ ತಲೆ ಬಾಚಿದೆ, ತುತ್ತು ಮಾಡಿ ತಿನ್ನಿಸಿದೆ, ನಾನು ಗೋಡೆ ಹಿಡಿದು ನಡೆಯುವಾಗ ಬೆನ್ನ ಹಿಂದೆಯೇ ಬಂದೆ. ಅದನ್ನು ಮರೆತರೆ ನನ್ನ ಬಾಯಲ್ಲಿ ಹುಳ ಬೀಳುತ್ತದೆ. ಆದರೆ ನನ್ನನ್ನು ಒಂದು ಮಾತೂ ಕೇಳದೆ, ಪಾರ್ಲರ್ ಮಳಿಗೆ ಬಿಟ್ಟುಕೊಡುತ್ತೇವೆಂದು ಮಾಲೀಕರಿಗೆ ಹೇಳಿದೆಯಲ್ಲ, ಅದನ್ನು ಮಾತ್ರ ನುಂಗಲಾರೆ. ನಿನ್ನೆ ಸಂಜೆಯೇ ಅವರ ಮನೆಗೆ ಹೋಗಿ ಹೇಳಿದೆ: "ನಮ್ಮಕ್ಕ ಆತುರಪಟ್ಟಳು. ಸೋಮವಾರ ಬಾಗಿಲು ತೆಗೀತೀನಿ."

ನೋಡಲು ಬಂದವರಿಗೆಲ್ಲ ನೀನು ಒಂದೇ ರಾಗ ಹಾಡಿದೆ: ದಿನವಿಡೀ ನಿಂತು ನಿಂತೇ ಇವಳಿಗೆ ಲಕ್ವ ಹೊಡೆಯಿತು ಅಂತ. ನಾನೂ ಸುಮ್ಮನಿದ್ದೆ. ನಿಜ ಹೇಳುವುದಕ್ಕಿಂತ ಅದು ಸುಲಭವಾಗಿತ್ತು.

ಹೋದ ವಾರ ಕೈಯ ವ್ಯಾಯಾಮಕ್ಕೆಂದು ಹೇಳಿ ನಾನು ಹೋದದ್ದು ನರಗಳ ಡಾಕ್ಟರ ಹತ್ತಿರ. ನೀನು ಜೊತೆಗಿದ್ದರೆ ನನ್ನ ಪ್ರಶ್ನೆಯನ್ನೂ ನೀನೇ ಕೇಳಿ ಉತ್ತರವನ್ನೂ ನೀನೇ ಹೇಳುತ್ತೀಯ. ಇಪ್ಪತ್ತೆರಡು ವರ್ಷ ನಿಂತು ಕೂದಲು ಕತ್ತರಿಸಿದ್ದಕ್ಕೇ ಇದು ಬಂತಾ ಎಂದು ಕೇಳಿದೆ.

"ನಿಂತಿದ್ದಕ್ಕೆ ಬರೋದಾದ್ರೆ ಟ್ರಾಫಿಕ್ ಪೊಲೀಸರೆಲ್ಲ ಇಲ್ಲೇ ಮಲಗಿರಬೇಕಿತ್ತಮ್ಮ," ಅಂದರು. "ಬಿಪಿ ಮಾತ್ರೆ ಸರಿಯಾಗಿ ತಗೋತಿದ್ರಾ?"

ಅವರಿಗೆ ಹೇಳಿದ್ದನ್ನು ನಿನಗೂ ಹೇಳುತ್ತೇನೆ. ಸ್ಟ್ರೋಕ್ ಆಗುವುದಕ್ಕೆ ಎಂಟು ತಿಂಗಳು ಮೊದಲೇ ಮಾತ್ರೆ ನಿಲ್ಲಿಸಿದ್ದೆ. ತಲೆನೋವಿಲ್ಲ, ಸುಸ್ತಿಲ್ಲ, ಗುಂಡುಕಲ್ಲಿನ ಹಾಗಿದ್ದೇನೆ, ಮಾತ್ರೆ ಯಾಕೆ ಎಂಬ ಜಂಬ. ನೀನು ಫೋನಿನಲ್ಲಿ ಕೇಳಿದಾಗಲೆಲ್ಲ "ಹೂಂ, ತಗೊಂಡೆ" ಎಂದದ್ದು ಹಸಿಸುಳ್ಳು. ಇನ್ನೊಂದೂ ಇದೆ. ಸ್ಟ್ರೋಕ್ ಆಗುವುದಕ್ಕೆ ಮೂರು ವಾರ ಮುಂಚೆ ಒಮ್ಮೆ ಬಾಚಣಿಗೆ ಕೈಯಿಂದ ಜಾರಿತ್ತು. ಹತ್ತು ನಿಮಿಷ ಬೆರಳಿಗೆ ಸ್ಪರ್ಶವೇ ಇರಲಿಲ್ಲ, ಆಮೇಲೆ ಸರಿಹೋಯಿತು. ಜೋಮು ಎಂದು ನಕ್ಕು ಬಿಟ್ಟೆ. ಅದು ಮುನ್ಸೂಚನೆ, ಆಗಲೇ ಓಡಿ ಬರಬೇಕಿತ್ತು ಎಂದರು ಡಾಕ್ಟರು. ಬಿಪಿ ಸದ್ದಿಲ್ಲದೆ ರಕ್ತನಾಳವನ್ನು ಕೆಡಿಸಿದೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿನ ಒಂದು ಭಾಗಕ್ಕೆ ದಾರಿ ಮುಚ್ಚಿದೆ. ಅಷ್ಟೇ ಕಥೆ.

ನಾನು ಬದುಕಿ ಉಳಿದದ್ದು ಬ್ಯಾಂಕಿನ ಮೇಡಂ ದೆಸೆಯಿಂದ. ಅವತ್ತು ಕೂದಲು ಕತ್ತರಿಸಿಕೊಳ್ಳಲು ನನ್ನ ಕುರ್ಚಿಯಲ್ಲಿ ಕೂತಿದ್ದವರು ಕನ್ನಡಿಯಲ್ಲಿ ನನ್ನ ಬಾಯಿ ಸೊಟ್ಟಗಾಗುವುದನ್ನು ನೋಡಿದರು. ಕೈ ಎತ್ತಿ ಅಂದರು, ಬಲಗೈ ಮೇಲೇಳಲಿಲ್ಲ. ಮರುಮಾತಿಲ್ಲದೆ ಆಂಬ್ಯುಲೆನ್ಸಿಗೆ ಫೋನ್ ಮಾಡಿ, ಅರ್ಧ ಕತ್ತರಿಸಿದ ತಲೆಯಲ್ಲೇ ನನ್ನ ಜೊತೆ ಆಸ್ಪತ್ರೆಗೆ ಬಂದರಂತೆ. ಹೊತ್ತಿಗೆ ಸರಿಯಾಗಿ ತಲುಪಿದ್ದರಿಂದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲಿಕ್ಕಾಯಿತು.

ಕಾರಣ ತಿಳಿದು ನಾಚಿಕೆಯಾಯಿತು ಅಕ್ಕಾ, ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಧೈರ್ಯ ಬಂತು. ಹಣೆಬರಹವಾಗಿದ್ದರೆ ಕೈಕಟ್ಟಿ ಕೂರಬೇಕಿತ್ತು. ಇದು ಮಾತ್ರೆ ಬಿಟ್ಟಿದ್ದರ ಫಲ ಎಂದಮೇಲೆ ತಡೆಯುವುದಕ್ಕೂ ನಾನೇ ಸಾಕು. ಮತ್ತೆ ಬರುವುದೇ ಇಲ್ಲ ಎಂದು ಡಾಕ್ಟರೇನೂ ಬರೆದುಕೊಡಲಿಲ್ಲ. ಬಿಪಿ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಇನ್ನೊಂದು, ಉಪ್ಪಿಗೆ ಕಡಿವಾಣ, ದಿನಾ ನಡಿಗೆ. ಯಾವುದನ್ನೂ ನಮ್ಮಷ್ಟಕ್ಕೆ ನಾವೇ ನಿಲ್ಲಿಸುವ ಹಾಗಿಲ್ಲ. ಕೆಲಸ ಮಾಡಬಹುದಾ ಅಂದೆ. "ಧಾರಾಳವಾಗಿ ಮಾಡಿ. ಮಂಚದ ಮೇಲೆ ಕೂರಿಸಿದ್ದು ಯಾರು ನಿಮ್ಮನ್ನ?" ಅಂದರು. ನಿನ್ನ ಹೆಸರು ಹೇಳಲಿಲ್ಲ.

ಬಲಗೈಯಲ್ಲಿ ಕತ್ತರಿ ಇನ್ನೂ ನಡುಗುತ್ತದೆ. ಗಿರಾಕಿಗಳ ಕಿವಿ ಉಳಿಯಬೇಕಲ್ಲ, ಹಾಗಾಗಿ ಸದ್ಯ ಕತ್ತರಿ ನನ್ನ ಹತ್ತಿರ ಕೆಲಸ ಕಲಿತ ಗುಂಗುರು ಕೂದಲಿನ ಹುಡುಗಿಯ ಕೈಗೆ. ತಲೆ ತೊಳೆಯುವುದು, ಬಣ್ಣ ಹಚ್ಚುವುದು ನನ್ನ ಪಾಲಿಗೆ. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಗೊಂಬೆಯ ತಲೆಗೆ ಕಟ್ಟಿದ ಚೌರಿಯನ್ನು ಕತ್ತರಿಸಿ ಕತ್ತರಿಸಿ ಕೈ ಪಳಗಿಸುತ್ತೇನೆ. ಆರು ತಿಂಗಳೋ, ವರ್ಷವೋ, ಆಗಲಿ. ಮನೆಯಲ್ಲಿ ಕೂತು ಎಲ್ಲರ ಅಯ್ಯೋಪಾಪ ಕೇಳುವುದು ಮಾತ್ರ ನನ್ನಿಂದಾಗದು.

ಹಠಮಾರಿಯಾದರೂ ನಿನ್ನವಳೇ ಆದ,
ತಂಗಿ

ತಾ.ಕ.: ಹೋದ ತಿಂಗಳು ನನಗೆಂದು ತಂದ ಬಿಪಿ ಮಿಷನ್ನನ್ನು ಸುಮ್ಮನೆ ನೋಡೋಣವೆಂದು ಮೊದಲು ನಿನ್ನ ತೋಳಿಗೆ ಕಟ್ಟಿದೆವು. ನೂರ ಎಪ್ಪತ್ತೆಂಟು ತೋರಿಸಿತು. ಮಿಷನ್ನೇ ಕೆಟ್ಟಿದೆ ಎಂದು ನೀನು ರೇಗಿ ವಾಪಸ್ ಕಳಿಸಿದೆ. ಅಂಗಡಿಯವರು ಮೂರು ಜನರಿಗೆ ಕಟ್ಟಿ ನೋಡಿದರು, ಅದಕ್ಕೇನೂ ಆಗಿಲ್ಲ. ನಿನ್ನ ಬೈಗುಳಕ್ಕೆ ಹೆದರಿ ನಾನೇ, ಬೇರೆಯದು ಬದಲಿಸಿಕೊಟ್ಟರು ಎಂದು ಸುಳ್ಳು ಹೇಳಿದೆ; ನಿನ್ನ ಮನೆಯಲ್ಲಿರುವುದು ಅದೇ ಮಿಷನ್. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ, ಚೀಟಿ ಭಾವನ ಜೇಬಿನಲ್ಲಿದೆ. ಬರುವುದಿಲ್ಲ ಎಂದೆಯೋ, ನಿನ್ನ ಮನೆಯ ಮೂವತ್ತಾರು ಮೆಟ್ಟಿಲನ್ನೂ ಹತ್ತಿ ಬಂದು ಎಳೆದುಕೊಂಡು ಹೋಗುತ್ತೇನೆ.