ಮೈಕಿನಲ್ಲಿ ಹೇಳಿದ ಒಡಪು

ಜುಲೈ ೨೮, ಸೋಮವಾರ

ಪೂಜೆ ಆಯಿತು. ಇವರಿಗೆ ವಿಭೂತಿ ಹಚ್ಚಿದೆ. ಅಸುಂಡಿ ಬಿಟ್ಟು ಬೆಂಗಳೂರಿಗೆ ಮಗಳ ಮನೆಗೆ ಬಂದದ್ದು ಇವರ ಮರೆವಿಗೆ ಔಷಧ ಸಿಗಲಿ ಅಂತ. ಸುನಿತಾಗೆ ಗಾರ್ಮೆಂಟ್ಸಿನಲ್ಲಿ ರಜೆ ಇಲ್ಲ. ಇಂದು ಹೇಗೋ ಬಂದು ದಾರಿ ತೋರಿಸಿದಳು. ಮುಂದಿನ ಸೋಮವಾರದಿಂದ ದವಾಖಾನೆಗೆ ನಾನೇ ಕರೆದೊಯ್ಯಬೇಕು. ಮೆಟ್ರೋದಲ್ಲಿ.

ಡಾಕ್ಟರು ಗಂಡನ ಹೆಸರು ಕೇಳಿದರು. ಚೀಟಿಯ ಮೇಲೆ ಬರೆದುಕೊಟ್ಟೆ. ಬರೆಯಲು ಅಡ್ಡಿ ಇಲ್ಲ, ಬಾಯಿಂದ ಬರುವುದಿಲ್ಲ. ಸುನಿತಾಗೆ ನಗು.

"ಅವ್ವಾ, ಒಡಪಿನಾಗರ ಹೇಳ! ಲಗ್ನದಾಗ ಹೇಳಿದ್ದಿಲ್ಲೇನ?"

ಹೇಳಿದ್ದೆ. ಒಡಪು ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿ, ತಲೆ ಬಗ್ಗಿಸಿ. ಇವರು ಬೇಕಂತಲೇ "ಕೇಳಲಿಲ್ಲ, ಇನ್ನೊಮ್ಮೆ ಹೇಳ" ಅಂದು ಹಂದರವನ್ನೆಲ್ಲ ನಗಿಸಿದ್ದರು. ಅದೇ ಮೊದಲು, ಅದೇ ಕಡೆ.

ಜುಲೈ ೩೦

ಒಬ್ಬಳೇ ಹೋಗಿ ಸ್ಟೇಶನ್ ನೋಡಿ ಬಂದೆ. ಕೆಳಗೆ ರಸ್ತೆ. ನಡು ಅಂತಸ್ತಿನಲ್ಲಿ ಟಿಕೆಟ್ಟು, ಗೇಟು. ರೈಲು ಅದರ ಮೇಲೆ. ಅಲ್ಲಿ ಪ್ಲಾಟ್‌ಫಾರ್ಮು ಎರಡು, ಎದುರುಬದುರು, ನಡುವೆ ಹಳಿ. ಆ ಕಡೆಯಿಂದ ಈ ಕಡೆಗೆ ಬರಬೇಕಾದರೆ ನಡು ಅಂತಸ್ತಿಗೆ ಇಳಿದೇ ಮತ್ತೆ ಹತ್ತಬೇಕು. ಮೆಟ್ಟಿಲುಗಳೆಲ್ಲ ಒಂದೇ ನಮೂನೆ. ನನಗೇ ದಿಕ್ಕು ತಪ್ಪಿತು... ಇವರ ಗತಿ?

ಗೇಟಿನ ಸೆಕ್ಯುರಿಟಿ ರಹಮಾನಸಾಬ ಅಂತ, ಲಕ್ಷ್ಮೇಶ್ವರದವನು. ನಮ್ಮ ಮಾತು ಕಿವಿಗೆ ಬಿದ್ದು ಜೀವ ಬಂದಂತಾಯಿತು.

"ಇಲ್ಲಿ ಮೊದಲ ಲಾರಿ ನಿಂದರತಿದ್ವರಿ ಅಕ್ಕಾರ. ದೊಡ್ಡ ಬೇವಿನ ಗಿಡ, ಬುಡಕ್ಕ ಚಾದಂಗಡಿ. ಎಲ್ಲಾ ತಗದು ಕಂಬ ಎಬ್ಬಿಸಿದ್ರು. ವರ್ಷಗಟ್ಟಲೆ ಬರೇ ಧೂಳ. ಆಮ್ಯಾಲ ನೋಡ್ರಿ, ಗಿಡದ ತುದಿ ಇದ್ದಲ್ಲೆ ರೈಲು!"

ಮನೆಗೆ ಬಂದು ಇವರಿಗೆ ಹೇಳಿದೆ. ಕಣ್ಣು ಹೊಳೆಯಿತು. ಹರೆಯದಲ್ಲಿ ಉಳ್ಳಾಗಡ್ಡಿ ಲಾರಿಯ ಜೊತೆ ಇಲ್ಲಿಗೆ ಬರುತ್ತಿದ್ದವರು. "ಆ ಬೇವಿನ ಗಿಡ ನನಗ ಗೊತ್ತೈತಿ" ಅಂದರು. ನಿನ್ನೆ ಉಂಡದ್ದು ನೆನಪಿಲ್ಲ. ಗಿಡ ನೆನಪಿದೆ.

ಆಗಸ್ಟ್ ೩

ನಾಳೆ. ಊಟ ಸೇರಲಿಲ್ಲ. "ಅಪ್ಪನ ಕೈ ಒಂದು ಬಿಡಬ್ಯಾಡ ಅವ್ವಾ" — ಸುನಿತಾ ಎಷ್ಟು ಸಲ ಹೇಳಿದಳೋ. ಶಿವನೇ, ನೀನೇ ಕಾಯಬೇಕು.

ಆಗಸ್ಟ್ ೪, ಸೋಮವಾರ, ಸಂಜೆ

ಬಂದ ಕೂಡಲೇ ಬರೆಯಲು ಕುಳಿತೆ. ಬರೆದರೆ ಜೀವ ತಣ್ಣಗಾದೀತು.

ಹೋಗುವಾಗ ಬಿಡಲಿಲ್ಲ. ದವಾಖಾನೆಯಲ್ಲೂ ಬಿಡಲಿಲ್ಲ. ತಿರುಗಿ ಬಂದು, ರೈಲು ಇಳಿದು, ನಡು ಅಂತಸ್ತಿಗೆ ಬಂದೆವು. ಗಾಜಿನಾಚೆ ಗುಡಿಯ ಶಿಖರ ಕಂಡಿತು. ಶ್ರಾವಣ ಸೋಮವಾರ ಬೇರೆ. ಕೈ ಮುಗಿಯಲು ಎರಡೂ ಕೈ ಬೇಕಲ್ಲ — ಬಿಟ್ಟೆ. ಕಣ್ಣು ಮುಚ್ಚಿ ತೆಗೆದೆ, ಅಷ್ಟೆ. ಇವರಿಲ್ಲ.

ದೇವರಿಗೆ ಕೈ ಮುಗಿಯಲು ಹೋಗಿ ಇವರನ್ನು ಕಳೆದೆ.

ರಹಮಾನಸಾಬ ಓಡಿ ಬಂದ. "ಗೇಟ ದಾಟಿಲ್ಲರಿ, ನಾ ಇಲ್ಲೇ ಅದೇನಿ. ಮ್ಯಾಲೇ ಅದಾರ, ಅಂಜಬ್ಯಾಡ್ರಿ." ಅಂಜದೇ ಇರುವುದು ಹೇಗೆ? ಹಳಿ ಇರುವುದೂ ಮೇಲೆಯೇ.

ಸ್ಟೇಶನ್ ಆಫೀಸಿನ ಹುಡುಗಿಗೆ ಇವರ ಹೆಸರು ಬರೆದುಕೊಟ್ಟೆ. ಮೈಕಿನಲ್ಲಿ ಕರೆದಳು. ಮತ್ತೆ ಕರೆದಳು. ಯಾರೂ ಬರಲಿಲ್ಲ. ತಲೆಯ ಮೇಲೆ ರೈಲು ಬಂದು ನಿಂತ ಸದ್ದು.

"ಹೆಸರ ಮರತಾರೇನೋರಿ. ನೀವ ಕರೀರಿ ಅಕ್ಕಾರ. ನಿಮ್ಮ ದನಿ ಗುರುತ ಸಿಕ್ಕೀತು."

ಮೈಕು ಮುಂದಿತ್ತು. ಬಾಯಿ ತೆರೆದೆ. "ಏನ್ರಿ..." ಅಂದೆ. ಮುಂದೆ ನಾಲಗೆ ಏಳಲಿಲ್ಲ. ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಸೆರಗು ತಲೆ ಮೇಲೆ ಎಳೆದುಕೊಂಡು, ಹಂದರದಲ್ಲಿ ನಿಂತ ಹಾಗೇ ನಿಂತು, ಹೇಳಿಬಿಟ್ಟೆ —

ಅಸುಂಡಿ ಹೊಲದಾಗ ಅಗಸಿ ಹೂವು ನೀಲಿ,
ಮುದಕಪ್ಪನವರು ಕಟ್ಟ್ಯಾರ ನನ್ನ ಕೊರಳಿಗಿ ತಾಳಿ.

ನಿಲ್ದಾಣಕ್ಕೆಲ್ಲ ಕೇಳಿತು. ಯಾರೋ ನಕ್ಕರು. ನಗಲಿ.

ರಹಮಾನಸಾಬನ ವಾಕಿಟಾಕಿ ಗರಗರ ಅಂದಿತು. ಮೇಲಿನ ಗಾರ್ಡು: "ಸಾಬ್ರೇ, ಎರಡನೇ ಪ್ಲಾಟ್‌ಫಾರ್ಮಲ್ಲಿ ಒಬ್ರು ಅಜ್ಜ ಇದಾರೆ. ಲಾರಿ ಬರೋವರ್ಗೂ ಏಳಲ್ಲ ಅಂತ ಕೂತಿದ್ರು. ಈಗ ಎದ್ದು ನಿಂತು ಮೇಲಿನ ಸ್ಪೀಕರ್ ಜೊತೆ ಮಾತಾಡ್ತಿದಾರೆ."

"ಏನಂತಾರಪಾ?"

"'ಕೇಳಲಿಲ್ಲ, ಇನ್ನೊಮ್ಮೆ ಹೇಳ' ಅಂತಿದಾರೆ."

ಮೈಕು ಹತ್ತಿರ ಎಳೆದುಕೊಂಡು ಇನ್ನೊಮ್ಮೆ ಹೇಳಿದೆ.

ಆಗಸ್ಟ್ ೧೧, ಸೋಮವಾರ

ಗುಡಿಗೆ ಕೈ ಮುಗಿಯಬೇಕಾದ್ದನ್ನು ಮನೆಯಲ್ಲೇ ಮುಗಿದೆ. ಇವತ್ತು ಕೈ ಬಿಡುವುದಿಲ್ಲ. ಶಿವನಿಗೂ ಹಾಗಂತ ಹೇಳಿದ್ದೇನೆ.

ಇವರು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ. ಈಗಷ್ಟೇ ನನ್ನನ್ನು ನೋಡಿ ಕೇಳಿದರು, "ಅಕ್ಕಾರ, ನಿಮ್ಮ ಯಜಮಾನ್ರ ಹೆಸರೇನ್ರಿ?"

ಖರೇನೇ ಗೊತ್ತಿಲ್ಲವೋ, ಚೇಷ್ಟೆಯೋ... ಮುಖ ನೋಡಿದರೆ ತಿಳಿಯದು. ಕಾಯುತ್ತಿದ್ದಾರೆ. ಹೇಳಬೇಕು. ಅಸುಂಡಿ ಹೊಲದಾಗ —