ತಾನಾಗಿ ಬೆಳೆದ ಸೊಪ್ಪು

ಕೊಪ್ಪ, ಶುಕ್ರವಾರ

ಅಂಕಮ್ಮಕ್ಕನಿಗೆ ನಮಸ್ಕಾರ.

ಈ ಕಾಗದವನ್ನು ನಿಮ್ಮ ಮಗಳು ಚಂದನಳ ಕೈಲೇ ಓದಿಸಿಕೊಳ್ಳಿ. ನಿನ್ನೆ ಅವಳ ಕಾಲೇಜಿನಲ್ಲಿ ಭಾಷಣ ಮಾಡಿದೆ. ಮನುಷ್ಯ ಯಾರನ್ನೂ ನೆಚ್ಚಬೇಕಿಲ್ಲ, ನನ್ನ ಗುಡಿಸಲ ಹಿಂದೆ ಸೊಪ್ಪು ತಾನಾಗಿ ಬೆಳೆಯುತ್ತದೆ, ಪ್ರಕೃತಿಯೇ ನನ್ನನ್ನು ಸಾಕುತ್ತಿದೆ ಎಂದೆ. ಚಪ್ಪಾಳೆ ಬಿತ್ತು. ಆಮೇಲೆ ಚಂದನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಸಾ, ಪಾಪ ಒಬ್ರೇ ಅವ್ರೆ ಅಂತ ನಮ್ಮವ್ವ ನಮ್ಮ ಸರದಿ ನಾಲೆ ನೀರ್ನ ನಿಮ್ಮ ಸೊಪ್ಪಿಗೆ ತಿರುಗಿಸ್ತದೆ. ಅದ್ಕೇ ನಮ್ಮ ಕೊನೇ ಗದ್ದೆ ಒಣಗೋಯ್ತು."

ಹೋಗಿ ನೋಡಿದೆ. ಪೈರು ಕೆಂಪಾಗಿದೆ.

ಇನ್ನು ಇತ್ತ ನೀರು ಬಿಡಬೇಡಿ ಅಕ್ಕ. ನಾಳೆ ಸನಿಕೆ ತಂದು ನೀರು ಬರುವ ದಾರಿಯನ್ನು ನಾನೇ ಮಣ್ಣು ಹಾಕಿ ಮುಚ್ಚುತ್ತೇನೆ. ಎಲ್ಲಿ ಮುಚ್ಚಬೇಕೆಂದು ಮಾತ್ರ ತೋರಿಸಿ. ಎರಡು ವರ್ಷದಿಂದ ಇಲ್ಲಿ ಪ್ರಕೃತಿಯನ್ನೇ ನೋಡುತ್ತಾ ಕೂತವನಿಗೆ ನೀರು ಯಾವ ಕಡೆಯಿಂದ ಬರುತ್ತದೆಂದು ಗೊತ್ತಿಲ್ಲ.

ನಿಮ್ಮ ಪಕ್ಕದ ಹೊಲದ
ಕೆಂಪರಾಜು