ಬೇರೆ ಕೈಯ ಹೊಲಿಗೆ

ಭಾನುವಾರ, ನವೆಂಬರ್ ೧೭

ಪ್ರೀತಿಯ ಗುಬ್ಬಿಗೆ,

ನಿನ್ನ ಅಕ್ಕ ಇದ್ದಾಳೆ, ನಿನ್ನನ್ನು ಮರೆತಿಲ್ಲ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರಲಿಲ್ಲವೆಂಬ ಕೋಪವನ್ನು ಇದನ್ನು ಓದಿ ಮುಗಿಸುವವರೆಗೆ ತಡೆದುಕೋ. ಕೈ ನಡುಗುತ್ತಿತ್ತು. ಸ್ಟಿರಾಯ್ಡ್ ಮಾತ್ರೆಯಿಂದ ಹಾಗಾಗುತ್ತದಂತೆ. ಸೂಜಿಗೆ ದಾರ ಪೋಣಿಸಲಾಗದವಳು ಪೆನ್ನು ಹಿಡಿದು ಬರೆದಿದ್ದರೆ, ಅಕ್ಷರ ನೋಡಿಯೇ ನೀನು ಹೆದರುತ್ತಿದ್ದೆ. ಫೋನು ಮಾಡಬಹುದಿತ್ತು. ಆದರೆ ನಮ್ಮ ಫೋನು ಇರುವುದು ಹೊಲಿಗೆ ಅಂಗಡಿಯ ಮೇಜಿನ ಮೇಲೆ, ನಾನು ಹೇಳಬೇಕಾದದ್ದು ಅಂಗಡಿಯ ವಿಷಯ.

ಮಗುವಿಗೆ ಹಲ್ಲು ಬಂತೆ? ಕಚ್ಚುತ್ತದೆ ಎಂದು ದೂರು ಹೇಳಬೇಡ, ನೀನೂ ನನ್ನ ಭುಜ ಕಚ್ಚಿದವಳೇ.

ಮೊದಲು ಕಾಯಿಲೆಯ ಸುದ್ದಿ. ದೊಡ್ಡ ಕರುಳಿನ ಒಳಗೋಡೆಯಲ್ಲಿ ಹುಣ್ಣು; ಅಲ್ಸರೇಟಿವ್ ಕೊಲೈಟಿಸ್ ಎಂದು ಹೆಸರು. ಹೆಸರು ಸಿಗುವ ಮೊದಲು ನಾನು ಅದನ್ನು ಅಜೀರ್ಣವೆಂದೇ ಅಂದುಕೊಂಡಿದ್ದೆ. ನಿನ್ನ ಭಾವ ಹೊಸ ಉಡುಪನ್ನು ಮೊದಲು ಅಗ್ಗದ ಬಿಳಿ ಬಟ್ಟೆಯಲ್ಲಿ ನನ್ನ ಮೈಮೇಲೆ ಪಿನ್ನು ಹಾಕಿಯೇ ನೋಡುವವರೆಂದು ನಿನಗೆ ಗೊತ್ತು. ಬೊಂಬೆ ತಂದುಕೊಳ್ಳಿ ಎಂದರೆ "ಬೊಂಬೆ ಉಸಿರಾಡಲ್ಲ" ಎನ್ನುತ್ತಾರೆ. ಮದುವೆಯಾದಾಗಿನಿಂದ ಆ ಕಿಟಕಿಯ ಪಕ್ಕದ ಮಣೆಯ ಮೇಲೆ ನಿಂತವಳು ನಾನೊಬ್ಬಳೇ. ಊರಿನ ಅರ್ಧ ಹೆಂಗಸರ ಕೋಟುಗಳು ನನ್ನ ಬೆನ್ನಿನ ಮೇಲೆ ಹುಟ್ಟಿದವು.

ಒಂದು ದಿನ ಹಾಡುವವಳೊಬ್ಬಳ ಉದ್ದ ಗೌನಿಗೆ ಪಿನ್ನು ಹಾಕುತ್ತಿದ್ದರು. ಅರ್ಧ ಮುಗಿದಿತ್ತು. ನನಗೆ ತಡೆಯಲಾಗಲಿಲ್ಲ. ಪಿನ್ನುಗಳ ಸಮೇತ ಬಚ್ಚಲಿಗೆ ಓಡಿದೆ. ಪಕ್ಕೆಯಲ್ಲಿ ಪಿನ್ನು ಗೀರಿದ ರಕ್ತ, ಕೆಳಗೆ ಕರುಳಿನ ರಕ್ತ. ಹೊರಗೆ ಬಂದಾಗ ಆ ಗಿರಾಕಿ ಪತ್ರಿಕೆ ಓದುವವಳಂತೆ ಮುಖ ಮರೆಸಿಕೊಂಡಿದ್ದಳು. ನಿನ್ನ ಭಾವ ನನಗೆ ಕುರ್ಚಿ ಕೊಟ್ಟು, ಕಾಜಾ ಹಾಕುತ್ತಿದ್ದ ಹೆಂಗಸಿಗೆ "ನೀನು ಬಾ, ನಿಲ್ಲು" ಎಂದರು.

ಅವಳು ನನಗಿಂತ ಹತ್ತು ವರ್ಷ ಚಿಕ್ಕವಳು. ಮನಸ್ಸಿನಲ್ಲಿ ನಾನು ಅವಳಿಗೆ ಕಡ್ಡಿ ಎಂದು ಹೆಸರಿಟ್ಟಿದ್ದೇನೆ. ಬಾಯಲ್ಲಿ ಇನ್ನೂ ಬಂದಿಲ್ಲ.

ಸ್ಟಿರಾಯ್ಡ್ ಮಾತ್ರೆಗೆ ರಕ್ತವೇನೋ ನಿಂತಿತು, ಅದಕ್ಕೆ ಕೈ ಮುಗಿಯಬೇಕು. ಆಮೇಲೆ ಹಸಿವು ಶುರುವಾಯಿತು. ಬೆಳಗಾಗುವುದರೊಳಗೆ ಅಡುಗೆಮನೆಯಲ್ಲಿ ನಿಂತೇ ಇಡೀ ಬ್ರೆಡ್ಡು ಮುಗಿಸುತ್ತಿದ್ದೆ. ನಿದ್ದೆಯಿಲ್ಲ. ಮುಖ ತಟ್ಟೆಯಂತೆ ದುಂಡಗಾಯಿತು, ಗಲ್ಲದಲ್ಲಿ ಹದಿನಾರರ ಹುಡುಗಿಯ ಮೊಡವೆ, ಕುತ್ತಿಗೆಯ ಹಿಂದೆ ಸಣ್ಣ ದಿಬ್ಬ. ಕಾಲುಗಳು ಮಾತ್ರ ತೆಳ್ಳಗಾದವು. ಜನ ಇದನ್ನು ಆರೋಗ್ಯ ಎನ್ನುತ್ತಾರೆ ಕಣೇ. "ಈಗ ನೋಡಿ, ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದೀರಿ" ಎಂದು ಹಳೆಯ ಗಿರಾಕಿಗಳು. ಪಕ್ಕದ ಇಸ್ತ್ರಿಯವನಂತೂ ನಿನ್ನ ಭಾವನಿಗೆ ಕೂಗಿ ಹೇಳಿದ: "ಮಾಸ್ಟರೇ, ಮನೆಯವರಿಗೆ ಏನು ತಿನ್ನಿಸ್ತಿದ್ದೀರಿ? ನಮ್ಮವಳಿಗೂ ಒಂದಿಷ್ಟು ಹೇಳಿ."

ನಾನು ಗುಂಡಿಗಳ ಮೇಜಿಗೆ ಬಂದೆ. ಅಲ್ಲಿಂದ ಮಣೆ ನೇರ ಕಾಣುತ್ತದೆ. ಕಡ್ಡಿ ತೋಳೆತ್ತಿದರೆ ಇವರು ಟೇಪು ಹಿಡಿದು ಹಿಂದೆ ಹೋಗುತ್ತಾರೆ, ಬಾಯಲ್ಲಿ ಪಿನ್ನು, ಕಣ್ಣು ಅರೆಮುಚ್ಚಿ. ಅದರಲ್ಲಿ ಕೆಟ್ಟದ್ದೇನೂ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಆ ನೋಟ ಬಟ್ಟೆಯ ಮೇಲಿನದು. ಆದರೂ ನಾನು ಕೆಂಪು ಕೋಟಿಗೆ ನೀಲಿ ಗುಂಡಿ ಹೊಲಿದೆ. ಕಡ್ಡಿಯೇ ಅದನ್ನು ಬಿಚ್ಚಿ ಬದಲಾಯಿಸಿ, "ಬೆಳಕು ಸರಿಯಿಲ್ಲ ಅಕ್ಕ, ನನಗೂ ಹೀಗೇ ಆಗುತ್ತೆ" ಎಂದಳು. ಕೆಟ್ಟವಳಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು.

ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆ. "ಸಿಡುಕು ಈ ಮಾತ್ರೆಯಿಂದ ಅಂದಿರಿ. ಹೊಟ್ಟೆಕಿಚ್ಚೂ ಇದರದ್ದೇ ಆಗಿರಬಹುದಾ?"

ಆಕೆ ಕನ್ನಡಕದ ಮೇಲಿಂದ ನೋಡಿದರು. "ಸಿಡುಕು, ಅಳು, ನಿದ್ದೆಗೇಡು ಇದರದ್ದು. ಹೊಟ್ಟೆಕಿಚ್ಚು ನಮ್ಮ ಪುಸ್ತಕದಲ್ಲಿ ಇಲ್ಲಮ್ಮ. ಅದು ನಿಮ್ಮದೇ."

"ಹಾಗಾದ್ರೆ ಈ ಮಾತ್ರೆ ಇವತ್ತೇ ನಿಲ್ಲಿಸಿಬಿಡಿ."

"ಒಮ್ಮೆಲೇ ಬಿಟ್ಟರೆ ಮೈ ತಡೆಯಲ್ಲ, ಕುಸಿದು ಬೀಳ್ತೀರಿ. ಮೆಟ್ಟಿಲು ಇಳಿದ ಹಾಗೆ ಇಳೀಬೇಕು. ಕೆಳಗೆ ಬರೋ ಹೊತ್ತಿಗೆ ಇನ್ನೊಂದು ಮಾತ್ರೆ ಕೈಹಿಡಿಯುತ್ತೆ."

ಆ ಇನ್ನೊಂದು ಮಾತ್ರೆ ಕೈಹಿಡಿಯುವ ಮೊದಲು ಕತ್ತು ಹಿಡಿಯಿತು. ವಾಕರಿಕೆ, ಸುಸ್ತು, ಪದೇ ಪದೇ ರಕ್ತಪರೀಕ್ಷೆ. ಊಟದ ಜೊತೆ ನುಂಗಲು ಶುರುಮಾಡಿದ ಮೇಲೆ ಸ್ವಲ್ಪ ಪಳಗಿತು. ನಾನು ಒಂದು ಮೆಟ್ಟಿಲನ್ನೂ ಹಾರಲಿಲ್ಲ. ಮಣೆಗೆ ವಾಪಸ್ಸು ಹೋಗಬೇಕಾದರೆ ಅದೊಂದೇ ದಾರಿಯಾಗಿತ್ತು.

ಈಗ ಬೂದು ಸ್ಕರ್ಟಿನ ವಿಷಯ. ಮುಖ ಅಷ್ಟು ಊದಿದರೂ ಅದು ಸೊಂಟದಲ್ಲಿ ಸರಿಯಾಗಿಯೇ ಕೂರುತ್ತಿತ್ತು. ಸೊಂಟವಾದರೂ ನನ್ನದೇ ಉಳಿಯಿತಲ್ಲ ಎಂದು ದಿನವೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಒಗೆಯಲೆಂದು ಒಳಮೈ ಹೊರಗೆ ತಿರುಗಿಸಿದ ದಿನ ನೋಡಿದೆ: ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆಯನ್ನೆಲ್ಲ ಹೊರಗೆ ಬಿಟ್ಟು, ಸೊಂಟಪಟ್ಟಿಯನ್ನು ಕೈಯಲ್ಲಿ ಹೊಲಿದಿದ್ದರು. ಆ ಹೊಲಿಗೆ ಎಡಕ್ಕೆ ವಾಲಿತ್ತು. ನಮ್ಮ ಅಂಗಡಿಯಲ್ಲಿ ಎಡಗೈಯವಳು ಒಬ್ಬಳೇ, ಕಡ್ಡಿ. ಬೀರು ತೆರೆದು ಒಂದೊಂದಾಗಿ ತಿರುಗಿಸಿದೆ. ನೀಲಿ ಉಡುಪು, ಕಂದು ಕೋಟು, ಮನೆಯಲ್ಲಿ ಹಾಕುವ ಗೌನು ಕೂಡ. ಎಲ್ಲದರಲ್ಲೂ ಅವಳು.

ಸ್ಕರ್ಟನ್ನು ಒಯ್ದು ಇವರ ಕತ್ತರಿಯ ಪಕ್ಕದಲ್ಲಿಟ್ಟೆ.

"ಇದು ಯಾರ ಕೈ?"

"ಯಾರದ್ದಾದ್ರೇನು, ಸರಿಯಾಗಿ ಕೂತಿದೆಯಲ್ಲ."

"ನನ್ನ ಸೊಂಟದ ಅಳತೆ ಅವಳಿಗೆ ಕೊಟ್ಟಿರಿ."

ಗೆರೆ ಎಳೆಯುವ ಸೀಮೆಸುಣ್ಣವನ್ನು ಉಜ್ಜಿ ಚೂಪು ಮಾಡಿದರು. ಆಮೇಲೆ, "ಬಟ್ಟೆ ಬಿಗಿಯಾದ್ರೆ ನೀನು ಮಾತ್ರೆ ಬಿಟ್ಟುಬಿಡ್ತೀಯ ಅಂತ ಭಯ ಆಯ್ತು. ನಾನೇ ಹೊಲಿದಿದ್ರೆ ನಿನಗೆ ನನ್ನ ಕೈ ಗೊತ್ತಾಗ್ತಿತ್ತು. ಅದಕ್ಕೇ ಅವಳಿಗೆ ಕೊಟ್ಟೆ" ಎಂದರು.

ನೋಡು ನಿನ್ನ ಭಾವನ ಬುದ್ಧಿ. ಅವರ ಹೊಲಿಗೆಯನ್ನು ಗುರುತಿಸುವವಳು ಅವರದ್ದಲ್ಲದ ಹೊಲಿಗೆಯನ್ನು ಗುರುತಿಸುವುದಿಲ್ಲವೆ? ನನಗೆ ನಗು ಬರಬೇಕಿತ್ತು. ಬರಲಿಲ್ಲ. ಇಷ್ಟು ದಿನ ಇಬ್ಬರೂ ಸೇರಿ ನನ್ನ ಸೊಂಟದ ಬಗ್ಗೆ ಪಿಸುಗುಟ್ಟಿದ್ದರು, ಒಳ್ಳೆಯದಕ್ಕಾಗಿಯೇ.

"ಮೈ ಇಳಿದ ಮೇಲೆ ನಾನೇ ನಿಲ್ಲಲಾ?" ಎಂದು ಕೇಳಿದೆ.

"ಮೊದಲು ಹುಷಾರಾಗು. ಆಮೇಲೆ ನೋಡೋಣ."

ಹುಷಾರಾಗಿದ್ದೇನೆ ಗುಬ್ಬಿ. ಸ್ಟಿರಾಯ್ಡ್ ಪೂರ್ತಿ ನಿಂತು ಸ್ವಲ್ಪ ಕಾಲವಾಯಿತು. ಕೊಳವೆ ಹಾಕಿ ಕರುಳು ನೋಡಿದ ಡಾಕ್ಟರಮ್ಮ, ಗಾಯ ಮಾಗಿದೆ ಎಂದರು. ಇನ್ನೊಂದು ಮಾತ್ರೆ ಮುಂದುವರಿಯುತ್ತದೆ, ಅದರ ಜೊತೆ ನನಗೀಗ ಜಗಳವಿಲ್ಲ. ಕೈ ನಡುಗುವುದು ನಿಂತ ದಿನ ನಾನು ಮಾಡಿದ ಮೊದಲ ಕೆಲಸ, ಬೀರುವಿನಲ್ಲಿದ್ದ ಕಡ್ಡಿಯ ಹೊಲಿಗೆಯನ್ನೆಲ್ಲ ಬಿಚ್ಚಿ ಹಾಕಿದ್ದು. ಸೊಂಟ ಹಳೆಯ ಜಾಗಕ್ಕೆ ಬಂದಿದೆ. ಮುಖ ಮಾತ್ರ ಇನ್ನೂ ಸ್ವಲ್ಪ ನಿಧಾನಿಸುತ್ತಿದೆ.

ನೀನು ನನ್ನ ಬಗ್ಗೆ ಕೊರಗಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮಗು ಮಲಗಿದಾಗ ನೀನೂ ಮಲಗು, ಮನೆಗೆಲಸ ಎಲ್ಲಿಗೂ ಓಡಿಹೋಗುವುದಿಲ್ಲ. ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು. ನಿನ್ನ ಮನೆ ತುಂಬಿರಲಿ, ಮಗುವಿನ ಮೈ ಗಟ್ಟಿಯಾಗಿರಲಿ, ನಿನಗೆ ಯಾವ ಡಾಕ್ಟರರ ಹೆಸರೂ ತಿಳಿಯದಿರಲಿ.

ಇಂತು ನಿನ್ನ
ಅಕ್ಕ

ತಾ.ಕ.: ಮೊನ್ನೆ ಗುರುವಾರ ಕಡ್ಡಿ ರಜೆ ಹಾಕಿದ್ದಳು. ಇವರೇ ಕರೆದು ನನ್ನನ್ನು ಮಣೆಯ ಮೇಲೆ ನಿಲ್ಲಿಸಿದರು. ಅಳತೆ ಹಳೆಯ ಅಳತೆಗೆ ನೂಲಷ್ಟೂ ತಪ್ಪದೆ ಕೂತಿತು. ಆದರೆ ಮಧ್ಯೆ ಮಧ್ಯೆ "ಸುಸ್ತಾಯ್ತಾ? ಬಚ್ಚಲಿಗೆ ಹೋಗಬೇಕಾ?" ಎಂದು ಕೇಳುತ್ತಿದ್ದರು. ಪಿನ್ನೊಂದು ಪಕ್ಕೆಗೆ ಚುಚ್ಚಿತು. ನಾನು ಸ್ವಲ್ಪ ಅಲ್ಲಾಡಿದೆ, ಅಷ್ಟೇ. ಇವರು ಪಿನ್ನಿನ ಡಬ್ಬಿಯನ್ನೇ ಕೆಳಗಿಟ್ಟು, "ತಪ್ಪಾಯ್ತು, ಕೂತ್ಕೋ, ಸಾಕು" ಎಂದುಬಿಟ್ಟರು. ಇಷ್ಟು ವರ್ಷಗಳಲ್ಲಿ ನನಗೆ ಎಷ್ಟು ಪಿನ್ನು ಚುಚ್ಚಿದೆಯೋ, ಇವರ ಬಾಯಿಂದ ತಪ್ಪಾಯ್ತು ಎಂಬ ಮಾತು ಬಂದಿರಲಿಲ್ಲ, ಬರುತ್ತಿದ್ದದ್ದು ಬೈಗುಳವೇ.

ಮಾರನೆಯ ದಿನ ಅವಳು ನಿಂತಳು. ಅವಳಿಗೂ ಚುಚ್ಚಿತು. "ಮರದ ಹಾಗೆ ನಿಲ್ಲು ಅಂದ್ರೆ ಕೋತಿ ಹಾಗೆ ಕುಣೀತೀಯಲ್ಲ. ಬಟ್ಟೆಗೆ ರಕ್ತ ತಾಗಿದ್ರೆ ನೋಡು" ಎಂದು ಗದರಿದರು. ಅವಳು ನಕ್ಕು ನೆಟ್ಟಗಾದಳು. ಗುಂಡಿಗಳ ಮೇಜಿನಲ್ಲಿ ಕೂತು ಕೇಳಿಸಿಕೊಂಡೆ. ಮಣೆಯನ್ನು ಅವಳೇ ಇಟ್ಟುಕೊಳ್ಳಲಿ ಗುಬ್ಬಿ. ಆ ಬೈಗುಳ ನನ್ನದು.